ಕೈಗೆ ಸಿಗದಿದ್ರೆ ಇದ್ದೂ ಇಲ್ಲದ ಹಾಗೆ: ಸಣ್ಣ ವಿಮಾನದ ಕಾಕ್‌ಪಿಟ್ ಸಾಮಾನು, ನನ್ನ ಅನುಭವ

ನಾನು ಜಾಸ್ತಿ ಹಾರಿಸೋದು ಸೆಸ್ನಾ 172, ನಾಲ್ಕು ಸೀಟಿನದು. ನಾಲ್ಕು ಸೀಟು ಅಂದ ತಕ್ಷಣ ಒಳಗೆ ಬೇಕಾದಷ್ಟು ಜಾಗ ಇರತ್ತೆ ಅನ್ಕೋತಾರೆ, ಆದ್ರೆ ಕ್ಯಾಬಿನ್ ಅಗಲ ಹೆಚ್ಚುಕಮ್ಮಿ ಒಂದು ಮೀಟರ್ ಅಷ್ಟೇ, ಮುಂದೆ ಇಬ್ಬರು ದೊಡ್ಡವರು ಕೂತ್ರೆ ಭುಜಕ್ಕೆ ಭುಜ ತಾಗತ್ತೆ, ಅದರೊಳಗೇ ಎರಡು ಯೋಕ್ (ಹಿಂದಕ್ಕೆಳೆದು ಮೂತಿ ಏರಿಸೋ, ತಿರುಗಿಸಿ ವಾಲಿಸೋ ಹಿಡಿಕೆ), ಕಾಲ ಹತ್ರ ಮೂತಿ ಎಡಬಲ ತಿರುಗಿಸೋ ರಡ್ಡರ್ ಪೆಡಲ್‌ಗಳು, ಮಧ್ಯದಲ್ಲಿ ಯೋಕ್ ಮೇಲಿನ ಒತ್ತಡ ಕಮ್ಮಿ ಮಾಡೋ ಟ್ರಿಮ್ ವೀಲು, ನೆಲದ ಹತ್ರ ಯಾವ ಟ್ಯಾಂಕಿಂದ ಇಂಧನ ಅಂತ ಆರಿಸೋ ಫ್ಯೂಯಲ್ ಸೆಲೆಕ್ಟರ್. ಇಷ್ಟರ ನಡುವೆ ನಮ್ಮ ಸಾಮಾನಿಗೆ ಉಳಿಯೋ ಜಾಗ ಅಂದ್ರೆ ತೊಡೆ ಮೇಲೆ, ಬಾಗಿಲ ಪಕ್ಕದ ಜೇಬು, ಪಕ್ಕದ ಸೀಟು ಖಾಲಿ ಇದ್ರೆ ಅದು.

ಏನು ಒಯ್ಯಬೇಕು ಅಂತ ಲಿಸ್ಟ್ ಕೇಳಿದ್ರೆ ಎಲ್ರೂ ಕೊಡ್ತಾರೆ. ನಾನು ಲಿಸ್ಟ್ ಬಿಟ್ಟು ಒಂದು ಪರೀಕ್ಷೆ ಇಟ್ಕೊಂಡಿದೀನಿ. ವಿಮಾನ ನಿಂತಿದ್ದಾಗ, ಇಂಜಿನ್ ಆಫ್ ಇರುವಾಗ, ಸೊಂಟದ ಬೆಲ್ಟು ಭುಜದ ಬೆಲ್ಟು ಎರಡೂ ಬಿಗಿಯಾಗಿ ಹಾಕ್ಕೊಂಡು ಕಣ್ಣು ಮುಚ್ಚಿ ಎಡಗೈ ಯೋಕ್ ಮೇಲಿಟ್ಟು ಬಲಗೈಲಿ ಒಂದೊಂದೇ ವಸ್ತು ತೆಗೀತೀನಿ. ಟಾರ್ಚ್, ಪೆನ್ನು, ಹ್ಯಾಂಡ್‌ಹೆಲ್ಡ್ ರೇಡಿಯೋ, ಚೆಕ್‌ಲಿಸ್ಟ್. ತಡಕಾಡದೆ ಸಿಕ್ಕಿದ್ದು ಕಾಕ್‌ಪಿಟ್‌ನಲ್ಲಿರತ್ತೆ, ಸಿಗದೇ ಇದ್ದಿದ್ದು ಜಾಗ ಬದಲಾಯಿಸ್ಬೇಕು ಇಲ್ಲಾ ಹಿಂದಿನ ಬ್ಯಾಗೇಜ್‌ಗೆ ಹೋಗ್ಬೇಕು. ಯಾಕಂದ್ರೆ ಮೇಲೆ ಹೋದ್ಮೇಲೆ, ಅದೂ ಗಾಳಿ ಅಲ್ಲಾಡಿಸ್ತಿರುವಾಗ, ತಲೆ ತಿರುಗಿಸಿ ಹಿಂದಿನ ಸೀಟಲ್ಲಿರೋ ಬ್ಯಾಗಿನ ಜಿಪ್ ಹುಡುಕೋದು ಅಂದ್ರೆ ಅಷ್ಟು ಹೊತ್ತು ವಿಮಾನ ಯಾರೂ ನೋಡ್ತಿಲ್ಲ ಅಂತ ಅರ್ಥ, ಮೋಡದೊಳಗೆ ಇದ್ರಂತೂ ತಲೆ ಹಾಗೆ ಥಟ್ಟಂತ ತಿರುಗಿಸಿದ್ರೆ ಕಿವಿಯೊಳಗಿನ ಬ್ಯಾಲೆನ್ಸೇ ತಪ್ಪಿ ಯಾವ ಕಡೆ ವಾಲಿದೀವಿ ಅನ್ನೋದೂ ಗೊತ್ತಾಗಲ್ಲ.

ಇದಕ್ಕಿಂತ ನನಗೆ ಹೆದರಿಕೆ ಇರೋದು ಸಡಿಲ ವಸ್ತುಗಳದ್ದು. ಉರುಳೋ ಯಾವುದನ್ನೂ ನಾನು ಮುಂದಿಡಲ್ಲ. ನೀರಿನ ಗಟ್ಟಿ ಬಾಟ್ಲಿ ಜಾರಿ ರಡ್ಡರ್ ಪೆಡಲ್ ಹಿಂದೆ ಸಿಕ್ಕಾಕೊಂಡ್ರೆ ಲ್ಯಾಂಡಿಂಗ್ ಹೊತ್ತಲ್ಲಿ ಪೆಡಲ್ ಪೂರ್ತಿ ಒತ್ತೋಕೇ ಆಗಲ್ಲ. ನೀರಿಗೆ ಮೆತ್ತಗಿನ ಪೌಚ್, ಟಾರ್ಚ್‌ಗೆ ಕ್ಲಿಪ್, ಪೆನ್ನಿಗೆ ದಾರ. ಇನ್ನೊಂದು ಜಾಗ ಜನ ಮರೆಯೋದು ಸೀಟ್ ರೈಲು, ಅಂದ್ರೆ ಸೀಟಿನ ಕೆಳಗಿನ ಹಳಿ. ಸೀಟು ರೈಲಿನ ಮೇಲೆ ಹಿಂದೆ ಮುಂದೆ ಜರುಗತ್ತೆ, ಒಂದು ಪಿನ್ನು ರೈಲಿನ ತೂತಿಗೆ ಇಳಿದ್ರೇನೇ ಅದು ಲಾಕ್ ಆಗೋದು, ಅಲ್ಲಿ ಒಂದು ಪೆನ್ನಿನ ಕ್ಯಾಪೋ ನಾಣ್ಯವೋ ಬಿದ್ದು ಪಿನ್ನು ಸರಿಯಾಗಿ ಕೂರದೆ ಇದ್ರೆ ಟೇಕಾಫ್‌ನಲ್ಲಿ ಮೂತಿ ಮೇಲೆದ್ದಾಗ ಸೀಟು ಹಿಂದಕ್ಕೆ ಜಾರಬಹುದು, ಗಾಬರಿಲಿ ಯೋಕ್ ಹಿಡ್ಕೊಂಡ್ರೆ ಅದೂ ಜೊತೆಗೇ ಹಿಂದೆ ಬರತ್ತೆ. ಅದಕ್ಕೇ ಹತ್ತೋಕೆ ಮುಂಚೆ ರೈಲಿನುದ್ದಕ್ಕೂ ಬೆರಳಾಡಿಸ್ತೀನಿ, ಕೂತ್ಮೇಲೆ ಸೀಟನ್ನ ಒಂದ್ಸಲ ಜೋರಾಗಿ ಹಿಂದಕ್ಕೆ ತಳ್ಳಿ ನೋಡ್ತೀನಿ.

ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಬಂದ್ರೆ, ಮ್ಯಾಪು ಚಾರ್ಟು ಎಲ್ಲಾ ಟ್ಯಾಬ್ಲೆಟ್‌ನಲ್ಲೇ ಇರೋ ಕಾಲ ಇದು, ನಂದೂ ಅದೇ. ಆದ್ರೆ ಐಪ್ಯಾಡ್‌ಗೆ ಆಪಲ್ ಕೊಟ್ಟಿರೋ ಮಿತಿ ಸುತ್ತಲಿನ ತಾಪ 35 ಡಿಗ್ರಿವರೆಗೆ, ಬಿಸಿಲಲ್ಲಿ ನಿಂತ ವಿಮಾನದ ಗಾಜಿನ ಹಿಂದೆ ಅಷ್ಟು ಸುಲಭವಾಗಿ ದಾಟತ್ತೆ. ಹಾಗಾಗಿ ಯೋಕ್ ಮೇಲೆ ನೇರ ಬಿಸಿಲಿಗೆ ಹಾಕದೆ ತೊಡೆಗೆ ಕಟ್ಕೊಳ್ಳೋ ಹಲಗೆ, ಅಂದ್ರೆ ನೀಬೋರ್ಡ್‌ನಲ್ಲಿ ನೆರಳಲ್ಲಿಡ್ತೀನಿ, ಚಾರ್ಜ್‌ಗೆ ಹಾಕಿದ್ರೆ ಇನ್ನೂ ಬಿಸಿ ಏರತ್ತೆ ಅಂತ ನೆಲದಲ್ಲೇ ಫುಲ್ ಚಾರ್ಜ್ ಮಾಡ್ಕೊಂಡು ಬರ್ತೀನಿ. ಅದೇ ಆ್ಯಪ್ ಫೋನಲ್ಲೂ ಇರತ್ತೆ, ಮತ್ತೆ ಆವತ್ತಿನ ದಾರಿಯ ಹೆಡಿಂಗು (ಹೋಗಬೇಕಾದ ದಿಕ್ಕು), ಫ್ರೀಕ್ವೆನ್ಸಿ, ರನ್‌ವೇ ಉದ್ದ ಒಂದೇ ಹಾಳೆಯಲ್ಲಿ ಬರೆದು ನೀಬೋರ್ಡ್ ಕ್ಲಿಪ್‌ಗೆ ಸಿಗಿಸ್ತೀನಿ. ಹಾಳೆಗೆ ಬ್ಯಾಟರಿ ಬೇಡ. ಪವರ್ ಬ್ಯಾಂಕ್ ಇದ್ರೆ ಅದು ಕಣ್ಣಿಗೆ ಕಾಣೋ ಜಾಗದಲ್ಲೇ ಇರ್ಬೇಕು, ಬ್ಯಾಗೇಜಲ್ಲಿ ಬಟ್ಟೆ ಕೆಳಗೆ ಲಿಥಿಯಂ ಬ್ಯಾಟರಿ ಹೊಗೆ ಹಾಕೋಕೆ ಶುರು ಮಾಡಿದ್ರೆ ಅಲ್ಲಿಗೆ ಕೈ ಹೋಗಲ್ಲ. ಫೋನು, ಹೆಡ್‌ಸೆಟ್, ಮ್ಯಾಗ್ನೆಟ್ ಇರೋ ಯಾವ ಸ್ಟ್ಯಾಂಡೂ ಕಂಪಾಸ್ ಹತ್ರ ಬೇಡ, ಅದು ತಪ್ಪು ದಿಕ್ಕು ತೋರ್ಸತ್ತೆ.

ಹ್ಯಾಂಡ್‌ಹೆಲ್ಡ್ ರೇಡಿಯೋ, ಅಂದ್ರೆ ವಿಮಾನದ ರೇಡಿಯೋ ಕೈಕೊಟ್ರೆ ಮಾತಾಡೋಕೆ ಕೈಲಿ ಹಿಡಿಯೋದು, ಬೇಕಾ ಅಂತ ತುಂಬ ಜನ ಕೇಳ್ತಾರೆ. ಬೇಕು, ಆದ್ರೆ ಹೆಡ್‌ಸೆಟ್ ಅಡಾಪ್ಟರ್ ಜೊತೆಗೇ. ಇಂಜಿನ್ ಸದ್ದಲ್ಲಿ ಅದರ ಸಣ್ಣ ಸ್ಪೀಕರ್ ಏನೂ ಕೇಳ್ಸಲ್ಲ, ಅಡಾಪ್ಟರ್ ಇಲ್ಲದ ರೇಡಿಯೋ ಬರೀ ಭಾರ. ನಾನು ಅಡಾಪ್ಟರನ್ನ ಮೊದಲೇ ಚುಚ್ಚಿ, ತುರ್ತು ಫ್ರೀಕ್ವೆನ್ಸಿ 121.5 ಮೆಗಾಹರ್ಟ್ಸ್ ಮೆಮೊರಿಲಿ ಹಾಕಿ ಬಾಗಿಲ ಜೇಬಲ್ಲಿಡ್ತೀನಿ, ಮಾಮೂಲಿ ಎಎ ಸೆಲ್ ಹಾಕೋ ಕೇಸೂ ಅದರ ಜೊತೆಗೇ.

ರಾತ್ರಿ ಹಾರಾಟಕ್ಕೆ ಟಾರ್ಚ್ ಎರಡು, ಒಂದು ಕುತ್ತಿಗೆಗೆ ನೇತಾಕಿರ್ತೀನಿ. ಕೆಂಪು ದೀಪ ಒಳ್ಳೇದು ಅಂತ ಹೇಳ್ಕೊಡ್ತಾರೆ, ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ ಅರ್ಧ ಗಂಟೆ ಹತ್ರ ಬೇಕು ಅನ್ನೋದು ನಿಜ, ಆದ್ರೆ ಕೆಂಪು ಬೆಳಕಲ್ಲಿ ಚಾರ್ಟ್ ಮೇಲಿನ ಕೆಂಪು, ಮಜೆಂಟಾ ಗೆರೆಗಳು ಮಾಯ ಆಗ್ತಾವೆ, ಯಾವ ಏರ್‌ಸ್ಪೇಸ್ ಎಲ್ಲಿ ಶುರು ಅನ್ನೋದೇ ಕಾಣಲ್ಲ. ಅದಕ್ಕೆ ನಾನು ತುಂಬಾ ಮಂದ ಮಾಡೋಕೆ ಬರೋ ಬಿಳಿ ಟಾರ್ಚ್ ಇಟ್ಕೊಂಡಿದೀನಿ. ಹಗಲಿನ ಕನ್ನಡಕ ಪೋಲರೈಸ್ಡ್ ಬೇಡ, ಎಷ್ಟೋ ಸ್ಕ್ರೀನ್‌ಗಳು ಅದರಲ್ಲಿ ಕಪ್ಪಾಗಿ ಕಾಣ್ತಾವೆ. ಕನ್ನಡಕದ ಕಡ್ಡಿ ತೆಳ್ಳಗಿರ್ಬೇಕು, ಇಲ್ಲಾಂದ್ರೆ ಹೆಡ್‌ಸೆಟ್‌ನ ಸೀಲ್ ಬಿಟ್ಕೊಂಡು ಸದ್ದು ಒಳಗೆ ಬರತ್ತೆ.

ಎಲ್ಲಕ್ಕಿಂತ ಮುಂಚೆ ತಗೊಳ್ಳಿ ಅಂತ ನಾನು ಹೇಳೋದು ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್. ಈ ವಿಮಾನಗಳಲ್ಲಿ ಹೀಟರ್ ಅಂದ್ರೆ ಇಂಜಿನ್ ಹೊಗೆ ಹೊರಹೋಗೋ ಮಫ್ಲರ್ ಸುತ್ತ ಹಾಯ್ಸಿದ ಗಾಳಿ, ಮಫ್ಲರ್‌ಗೆ ಒಂದು ಸಣ್ಣ ಬಿರುಕು ಬಿಟ್ರೆ ಹೊಗೆ ನೇರವಾಗಿ ಕ್ಯಾಬಿನ್‌ಗೆ. ಆ ಗ್ಯಾಸ್‌ಗೆ ವಾಸನೆ ಇಲ್ಲ ಬಣ್ಣ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟ್ಕೊಳತ್ತೆ, ಮೊದಲು ಬರೋದು ತಲೆನೋವು, ಸುಸ್ತು, ನಿದ್ದೆ ತೂಕಡಿಕೆ, ಅಂದ್ರೆ ದಣಿದ ಪೈಲಟ್‌ಗೆ ಎಲ್ಲಾ ಮಾಮೂಲಿ ಅನ್ಸೋ ಲಕ್ಷಣಗಳೇ. ಪ್ಯಾನೆಲ್‌ಗೆ ಅಂಟಿಸೋ ಕಾರ್ಡ್ ಬರತ್ತೆ, ಮಧ್ಯದ ಚುಕ್ಕೆ ಕಪ್ಪಾಗತ್ತೆ, ಆದ್ರೆ ಅದು ಕೂಗಲ್ಲ, ನಾವೇ ನೋಡ್ಬೇಕು, ಅದೂ ಬುದ್ಧಿ ಮಂದ ಆಗ್ತಿರೋ ಹೊತ್ತಲ್ಲೇ. ಡಿಜಿಟಲ್ ತಗೊಳ್ಳಿ, ಬರೀ ಬೀಪ್ ಆದ್ರೆ ಹೆಡ್‌ಸೆಟ್ ಒಳಗೆ ಕೇಳ್ಸಲ್ಲ, ಮಿಂಚೋ ದೀಪ ಅಥವಾ ವೈಬ್ರೇಷನ್ ಇರ್ಬೇಕು. ನಂದು ಕಣ್ಣೆದುರಿಗೇ ಪ್ಯಾನೆಲ್ ಮೇಲೆ ಇರತ್ತೆ. ಅಲಾರಂ ಬಂದ್ರೆ ಯೋಚನೆ ಬೇಡ, ಹೀಟರ್ ಆಫ್, ವೆಂಟ್ ಪೂರ್ತಿ ಓಪನ್, ಹತ್ರದ ಏರ್‌ಫೀಲ್ಡ್‌ನಲ್ಲಿ ಇಳೀರಿ.

ಇನ್ನು ಕೆಲವು ಬ್ಯಾಗಲ್ಲಿ ಇಡೋದೇ ಅಲ್ಲ, ಮೈಮೇಲೆ ಇರ್ಬೇಕು. ಬಲವಂತದ ಲ್ಯಾಂಡಿಂಗ್ ಆದ್ಮೇಲೆ ಬೆಂಕಿ ಹತ್ತಿದ್ರೆ, ನೀರಲ್ಲಿ ಮುಳುಗ್ತಿದ್ರೆ, ಹಿಂದಿನ ಬ್ಯಾಗ್ ತಗೊಂಡು ಬರೋಕೆ ಯಾರೂ ಹೋಗಲ್ಲ, ಹೋಗಲೂಬಾರ್ದು. ಅದಕ್ಕೆ ಪಿಎಲ್‌ಬಿ (ಒತ್ತಿದ್ರೆ ಉಪಗ್ರಹಕ್ಕೆ ತುರ್ತು ಸಿಗ್ನಲ್ ಕಳಿಸೋ ಜೇಬಿನ ಉಪಕರಣ), ಫೋನು, ಬೆಂಕಿ ಹಚ್ಚೋಕೆ ಲೈಟರ್, ಸೀಟ್‌ಬೆಲ್ಟ್ ಕಟರ್ ಇವೆಲ್ಲ ನನ್ನ ವೆಸ್ಟ್ ಜೇಬಲ್ಲಿ. ಉಪಗ್ರಹಗಳು 121.5 ಕೇಳೋದನ್ನ 2009ರ ಫೆಬ್ರವರಿ 1ಕ್ಕೇ ನಿಲ್ಲಿಸಿವೆ, ಈಗ ಕೇಳೋದು 406 ಮೆಗಾಹರ್ಟ್ಸ್, ಹಾಗಾಗಿ ವಿಮಾನದಲ್ಲಿ 121.5ರಲ್ಲೇ ಕಳಿಸೋ ಹಳೇ ಇಎಲ್‌ಟಿ (ವಿಮಾನ ಬಿದ್ರೆ ತಾನಾಗೇ ಸಿಗ್ನಲ್ ಕಳಿಸೋ ಉಪಕರಣ) ಒಂದೇ ಇದ್ರೆ ಸ್ವಂತದ ಪಿಎಲ್‌ಬಿ ಇರಲೇಬೇಕು ಅಂತ ನನ್ನ ಅಭಿಪ್ರಾಯ. ಹೆಸರಿಗೆ ರಿಜಿಸ್ಟರ್ ಮಾಡಿಸಿ, ಬ್ಯಾಟರಿ ಡೇಟ್ ನೋಡ್ಕೊಳಿ.

ಬ್ಯಾಗೇಜ್‌ಗೆ ಹೋಗೋದು ಕಟ್ಟೋ ಹಗ್ಗ, ಚಕ್ರಕ್ಕೆ ಅಡ್ಡ ಇಡೋ ಚಾಕ್, ಪಿಟೋ (ವೇಗ ಅಳೆಯೋ ಹೊರಗಿನ ಕೊಳವೆ) ಕವರ್, ಒಂದು ಕ್ಯಾನ್ ಆಯಿಲ್, ಗಾಜು ಒರೆಸೋ ಮೆತ್ತನೆ ಬಟ್ಟೆ, ಫ್ಯೂಯಲ್ ಸ್ಯಾಂಪಲ್ ಕಪ್. ಇದರ ಬಗ್ಗೆ ಹೆಚ್ಚು ಹೇಳೋದೇನಿಲ್ಲ, ತೂಕ ಮಾತ್ರ ನೋಡ್ಬೇಕು. ಸಾಮಾನ್ಯ 172ಗಳಲ್ಲಿ ಬ್ಯಾಗೇಜ್ ಮಿತಿ 120 ಪೌಂಡ್, ಅಂದ್ರೆ ಸುಮಾರು 54 ಕೆಜಿ, ನಿಮ್ಮ ವಿಮಾನದ ಹ್ಯಾಂಡ್‌ಬುಕ್ಕಲ್ಲಿ ಇರೋದೇ ಫೈನಲ್. ಅವ್‌ಗ್ಯಾಸ್, ಅಂದ್ರೆ ವಿಮಾನದ ಪೆಟ್ರೋಲ್, ಲೀಟರಿಗೆ 0.72 ಕೆಜಿ, ವಿಮಾನ ಫುಲ್ ಲೋಡಲ್ಲಿ ಇದ್ದಾಗ 10 ಕೆಜಿ ಬೇಡದ ಸಾಮಾನು ಹೊತ್ರೆ ಸುಮಾರು 14 ಲೀಟರ್ ಬಿಟ್ಟು ಬಂದ ಹಾಗೆ, ಗಂಟೆಗೆ 30-35 ಲೀಟರ್ ಕುಡಿಯೋ ಇಂಜಿನ್‌ಗೆ ಅದು ಇಪ್ಪತ್ತೈದು ನಿಮಿಷದ ಹತ್ರದ ಹಾರಾಟ. ನಾನು "ಇರ್ಲಿ ಬಿಡು" ಅಂತ ಬ್ಯಾಗಿಗೆ ಹಾಕೋಕೆ ಹೊರಟ ಪ್ರತಿ ವಸ್ತುಗೂ ಈ ಲೆಕ್ಕ ಹಾಕ್ತೀನಿ, ಅರ್ಧಕ್ಕರ್ಧ ಅಲ್ಲೇ ಉಳೀತಾವೆ.

ಪಕ್ಕದಲ್ಲಿ ಯಾರಾದ್ರೂ ಕೂತಿದ್ರೆ ಫೈರ್ ಎಕ್ಸ್‌ಟಿಂಗ್ವಿಷರ್ ಎಲ್ಲಿದೆ, ಬೆಲ್ಟ್ ಕಟರ್ ಎಲ್ಲಿದೆ ಅಂತ ಬಾಯಲ್ಲಿ ಹೇಳದೆ ಅವರ ಕೈಯಲ್ಲೇ ಮುಟ್ಟಿಸ್ತೀನಿ, ವಾಂತಿ ಕವರ್ ಮಾತ್ರ ಕೇಳೋಕೆ ಮುಂಚೆನೇ ಅವರ ಕೈಗೆ ಕೊಟ್ಟಿರ್ತೀನಿ.