ಅಲಾಯಿ ಹಬ್ಬಕ್ಕೆ ಊರಿಗೆ ಬಂದ ಮಕ್ಕಳು

ಲಿಂಗಸುಗೂರು ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ಲಸಿಕೆ ಹಾಕುವ ಸಿಸ್ಟರ್. ಊರಿನವರಿಗೆ ನನ್ನ ಹೆಸರಿಗಿಂತ ನನ್ನ ಲಸಿಕೆಯ ಗುರುವಾರ ಚೆನ್ನಾಗಿ ಗೊತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತಪ್ಪು ಮಾಡಿದೆ. ಅವತ್ತು ಮಧ್ಯಾಹ್ನ ಒಬ್ಬ ತಾಯಿ 9 ತಿಂಗಳು ತುಂಬಿದ ಮಗುವನ್ನು ಎತ್ತಿಕೊಂಡು ಬಂದಳು. ದಡಾರ-ರುಬೆಲ್ಲಾ ಲಸಿಕೆ ಹಾಕಬೇಕಿತ್ತು. ಅದು ಪುಡಿ ರೂಪದಲ್ಲಿರುತ್ತದೆ. ನೀರು ಬೆರೆಸಿದರೆ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದೇ ಮಗು ಬಂದರೂ ಬಾಟಲಿ ತೆರೆಯಬೇಕು ಅನ್ನೋದು ನನಗೆ ಗೊತ್ತಿತ್ತು. ಆದರೂ ಸುಮ್ನೆ ಹಾಳಾಗುತ್ತಲ್ಲ ಅಂತ ಮನಸ್ಸು ಬರಲಿಲ್ಲ. "ಮುಂದಿನ ವಾರ ಬಾರಮ್ಮ" ಅಂದೆ.

"ಮುಂದಿನ ವಾರ ಇರಂಗಿಲ್ರೀ ಸಿಸ್ಟರ್, ಬೆಂಗ್ಳೂರಿಗೆ ಹೊಂಟೀವಿ" ಅಂದಳು. ನಾನು ಆಗಲೇ ಲಸಿಕೆ ಡಬ್ಬಿ ಮುಚ್ಚುತ್ತಿದ್ದೆ.

ಅವರು ಊರಿಗೆ ಮರಳುವಷ್ಟರಲ್ಲಿ ಮಗುವಿಗೆ ದಡಾರ ಬಂದು ಹೋಗಿತ್ತು. ಕಟ್ಟಡದ ಶೆಡ್ಡಿನಲ್ಲಿ ಬೇವಿನ ಸೊಪ್ಪು ಕಟ್ಟಿ ಮಲಗಿಸಿದ್ದರಂತೆ. "ಅಮ್ಮ ಬಂದಿದ್ಳು ರೀ" ಅಂದಳು. ಮಗು ಉಳಿದಿತ್ತು, ಆದರೆ ಕಿವಿ ಸೋರುತ್ತಿತ್ತು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಡ್ಯೂ ಲಿಸ್ಟನ್ನು, ಅಂದರೆ ಲಸಿಕೆ ಬಾಕಿ ಇರುವ ಮಕ್ಕಳ ಪಟ್ಟಿಯನ್ನು, ಬೇರೆ ಥರ ಓದೋಕೆ ಶುರು ಮಾಡಿದೆ. ನಮ್ಮಲ್ಲಿ ಲಸಿಕೆ ಬೇಡ ಅನ್ನುವವರು ಕಡಿಮೆ. ಕೂಲಿಗೆ ಗುಳೆ ಹೋಗಿ ಊರಲ್ಲೇ ಇಲ್ಲದವರು ಜಾಸ್ತಿ. ಆಶಾ ಅಕ್ಕ ಮತ್ತು ನಾನು ಒಂದು ನೋಟ್‌ಬುಕ್ ಇಟ್ಟೆವು. ಅದರ ಹೆಸರು 'ಗುಳೆ ಪುಸ್ತಕ'. ಯಾರು ಹೋದರು, ಯಾವ ಊರಿಗೆ, ಮೇಸ್ತ್ರಿ ಯಾರು, ಯಾವ ಲಸಿಕೆ ಬಾಕಿ. ಹೊರಡುವವರಿಗೆ ಲಸಿಕೆಯ ವಿವರ ಬರೆದಿರುವ ತಾಯಿ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತೇವೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೂ ಪುಕ್ಕಟೆ ಹಾಕುತ್ತಾರೆ ಅಂತ ಹೇಳುತ್ತೇವೆ. ನಿಜ ಹೇಳಬೇಕೆಂದರೆ, ಒಂದು ದಿನದ ಕೂಲಿ ಬಿಟ್ಟು ಹುಡುಕಿಕೊಂಡು ಹೋಗುವವರು ಕೆಲವರೇ.

ಅವರು ತಪ್ಪದೆ ಬರೋದು ಮೊಹರಂಗೆ, ನಮ್ಮ ಕಡೆ ಅದೇ ಅಲಾಯಿ ಹಬ್ಬ. ಆ ಹಬ್ಬಕ್ಕೆ ಹೆಸರಾದ ಮುದಗಲ್ ನಮಗೆ ಹತ್ತಿರ. ಹಿಂದೂ, ಮುಸ್ಲಿಂ ಅನ್ನದೆ ಎಲ್ಲರೂ ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಾರೆ, ಅಂದರೆ ಪ್ರಾರ್ಥನೆ ಹೇಳಿಸಿ ಅರ್ಪಿಸುತ್ತಾರೆ. ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಹಾಗಾಗಿ ಕ್ಯಾಲೆಂಡರ್ ಬಂದ ಕೂಡಲೇ ನಾನು ಮೊದಲು ನೋಡೋದು ಅದನ್ನೇ. ಹಬ್ಬದ ಮುಖ್ಯ ರಾತ್ರಿಯಾದ ಖತಲ್ ರಾತ್ರಿಯ ದಿನ ನಮ್ಮ ಹತ್ತಿರ ಯಾರೂ ಸುಳಿಯುವುದಿಲ್ಲ. ಅದಕ್ಕೇ ಎರಡು ದಿನ ಮೊದಲು, ಗುರುವಾರ ಅಲ್ಲದಿದ್ದರೂ, ವೈದ್ಯಾಧಿಕಾರಿಗಳನ್ನು ಕೇಳಿ ಹೆಚ್ಚುವರಿ ಲಸಿಕಾ ದಿನ ಇಟ್ಟುಕೊಳ್ಳುತ್ತೇವೆ. ಮೈಕಿನಲ್ಲಿ ಹೇಳೋದು ಮಸೀದಿಯ ಮುಲ್ಲಾ ಸಾಹೇಬರು. ನಾನು ಕೂಗಿದರೆ ಬರುವುದಕ್ಕಿಂತ ಜಾಸ್ತಿ ಜನ ಬರುತ್ತಾರೆ.

ಮೊದಲ ವರ್ಷ ಸಿದ್ಧತೆಯೇ ದೊಡ್ಡ ಕೆಲಸವಾಯಿತು. ನಮ್ಮ ಕಡೆ ಬಿಸಿಲು ಗೊತ್ತಲ್ಲ. ಹಾಗಂತ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ತುಂಬಬಾರದು. ಪ್ಯಾಕ್ ಬೆವರಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರಬೇಕು. ಇಲ್ಲದಿದ್ದರೆ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಬೆರೆಸುವ ನೀರನ್ನೂ ಹಿಂದಿನ ದಿನವೇ ತಣ್ಣಗಿಡಬೇಕು. ಹೊರಗಿಟ್ಟ ಬಿಸಿ ನೀರು ಬೆರೆಸಿದರೆ ದಡಾರದ ಲಸಿಕೆ ಸತ್ತಂತೆಯೇ.

ಬಂದ ಮಕ್ಕಳಲ್ಲಿ ಎರಡು, ಮೂರು ವರ್ಷದವರೂ ಇದ್ದರು. "ತಡ ಆಯ್ತು, ಇನ್ನು ಹಾಕ್ತೀರೇನ್ರೀ?" ಅಂತ ತಾಯಂದಿರು ಹಿಂಜರಿದರು. ದಡಾರ-ರುಬೆಲ್ಲಾ ತಪ್ಪಿದ್ದರೆ 5 ವರ್ಷದವರೆಗೂ ಹಾಕಬಹುದು, ಒಂದು ತಿಂಗಳು ಬಿಟ್ಟು ಎರಡನೆಯದು. ಆದರೆ ಹಬ್ಬ ಮುಗಿದ ಮರುದಿನವೇ ಬಸ್ ಹತ್ತುವವರಿಗೆ ಎರಡನೆಯದು ಹೇಗೆ? ಅದಕ್ಕೆ ನನ್ನ ಹತ್ತಿರ ಇನ್ನೂ ಸರಿಯಾದ ದಾರಿಯಿಲ್ಲ. ಆ ದಿನಾಂಕಕ್ಕೆ ಫೋನ್ ಮಾಡುತ್ತೇನೆ, ಅಷ್ಟೇ.

ಸೂಜಿ ಆದ ಮೇಲೆ ಅರ್ಧ ಗಂಟೆ ಕೂತಿರಬೇಕು. ಒಬ್ಬ ಅಜ್ಜಿ ಕೂತಲ್ಲೇ ಕಾಗದದ ಪೊಟ್ಟಣ ಬಿಚ್ಚಿ ನನ್ನ ಅಂಗೈಗೆ ಓದಿಸಿದ ಸಕ್ಕರೆ ಹಾಕಿದಳು. ಅದನ್ನು ಬಾಯಿಗೆ ಹಾಕಿಕೊಳ್ಳುವಾಗ ಬಾಟಲಿಯ ಮೇಲೆ ಬರೆದಿದ್ದ ಸಮಯ ನೋಡಿದೆ. 4 ಗಂಟೆ ಮುಗಿದಿತ್ತು. ಅದನ್ನು ಪಕ್ಕಕ್ಕಿಟ್ಟು ಡಬ್ಬಿ ಮುಚ್ಚಬೇಕು, ಅಷ್ಟರಲ್ಲಿ ಬಸ್ಸಿನಿಂದ ಇಳಿದು ಒಬ್ಬಳು ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಒಂದೇ ಮಗು. ಹೊಸ ಬಾಟಲಿ ತೆಗೆದೆ.