ಅಂಗಡಿಯಲ್ಲಿ ಮಗು ಹಠ ಹಿಡಿದಾಗ

ಮಗು ಆಟಿಕೆಯ ಡಬ್ಬ ಎದೆಗವಚಿಕೊಂಡು ನಿಂತರೆ ಸುಮ್ನೆ ಗದರಬೇಡಿ. ಅಳು ನಿಲ್ಲಲಿ ಅಂತ ಕೊಡಿಸಲೂಬೇಡಿ. ಗದರಿದರೆ ಬಾಯಿ ಮುಚ್ಚೋದನ್ನು ಕಲಿಯುತ್ತದೆ, ಕೊಡಿಸಿದರೆ ಅತ್ತು ಗಿಟ್ಟಿಸೋದನ್ನು. ಪಕ್ಕ ಕೂತು ಕೇಳಿ: "ಇದೇ ಯಾಕೆ ಬೇಕು ಪುಟ್ಟಾ? ಮನೇಲಿರೋದಕ್ಕೂ ಇದಕ್ಕೂ ಏನು ವ್ಯತ್ಯಾಸ?" ಮಿತಿ ನಿಮ್ಮದು, ಅದರೊಳಗೆ ಆಯ್ಕೆ ಮಗುವಿನದು. 1960ರ ದಶಕದಲ್ಲಿ ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ ಗುರುತಿಸಿದ, ಪ್ರೀತಿ ಶಿಸ್ತು ಎರಡೂ ಇರುವ ಪಾಲನೆ ಇಂಥದ್ದೇ.

ಜಾಹೀರಾತನ್ನೂ ಜೊತೆಗೇ ಕೂತು ನೋಡಿ. 7-8 ವರ್ಷದೊಳಗಿನ ಹೆಚ್ಚಿನ ಮಕ್ಕಳಿಗೆ ಅದು ಮಾರೋದಕ್ಕೆ ಮಾಡಿದ್ದು ಅಂತ ಹೊಳೆಯುವುದೇ ಇಲ್ಲ. ಪಾಪ, ಅದಕ್ಕೇ ಅಷ್ಟೊಂದು ನಂಬುತ್ತವೆ ಅಲ್ವಾ?

ಕೈಖರ್ಚಿನ ದುಡ್ಡು ಎರಡೇ ದಿನಕ್ಕೆ ಖಾಲಿಯಾದರೆ ಮತ್ತೆ ತುಂಬಿಸಬೇಡಿ. ನಮಗೇ ಜಾಸ್ತಿ ಕಷ್ಟ ಆಗುತ್ತದೆ, ನಿಜ. ಆದರೆ ಮುಂದಿನ ಸಲ ಡಬ್ಬ ತಿರುಗಿಸಿ ಬೆಲೆ ಹುಡುಕುವ ಪುಟ್ಟ ಬೆರಳನ್ನು ನಾನೇ ನೋಡಿದ್ದೇನೆ.