ದೋಣಿಗೆ ನೀರು ತಳದಿಂದಾನೇ ಬರಲ್ಲ: ಸಾಮಾನಿಡೋ ಜಾಗ ಒಣಗಿಟ್ಕೊಳ್ಳೋದು ಹೇಗೆ

ನಾವು ನಾಲ್ಕು ಜನ ಸ್ನೇಹಿತರು ಸೇರಿ ತಗೊಂಡ 12 ಅಡಿ ಫೈಬರ್ ದೋಣಿ ಇದೆ, ಯಲಹಂಕದ ನಮ್ಮನೆ ಕಾರ್ ಶೆಡ್ಡಲ್ಲೇ ಇರತ್ತೆ, ರಜಾ ಸಿಕ್ಕಿದಾಗ ಟ್ರೇಲರ್ ಮೇಲೆ ಹಾಕ್ಕೊಂಡು ಹೊರಡ್ತೀವಿ. ಒಂದ್ಸಲ ಶರಾವತಿ ಹಿನ್ನೀರಲ್ಲಿ ಇಡೀ ದಿನ ಹುಟ್ಟು ಹಾಕಿ ಸಂಜೆ ದಡ ಸೇರಿ ಮುಂದಿನ ಹ್ಯಾಚ್, ಅಂದ್ರೆ ಸಾಮಾನಿಡೋ ಜಾಗದ ಬಾಯಿ, ಅದರ ಮುಚ್ಚಳ ತೆಗೆದ್ರೆ ಕಂಬಳಿ ಹಿಂಡಿದ್ರೆ ನೀರು ಸುರಿಯೋಷ್ಟು ಒದ್ದೆ, ಅವಲಕ್ಕಿ ಪ್ಯಾಕೆಟ್ ಮುದ್ದೆ. ಮನೆಗೆ ಬಂದು ದೋಣಿ ಮಗುಚಿ ಹಾಕಿ ತಳ ಪೂರ್ತಿ ಬೆರಳಾಡಿಸಿ ನೋಡಿದ್ವಿ, ಕೂದಲೆಳೆಯಷ್ಟು ಬಿರುಕೂ ಇಲ್ಲ. ಕೊನೆಗೆ ಸಿಕ್ಕಿದ್ದು ಡೆಕ್ (ದೋಣಿಯ ಮೇಲ್ಭಾಗದ ಹೊದಿಕೆ) ಮೇಲೆ ಹಗ್ಗ ಕಟ್ಟೋ ಕೊಂಡಿಯ ನಾಲ್ಕು ಸ್ಕ್ರೂ. ಅಲೆ ಹೊಡೆದಾಗೆಲ್ಲ ಆ ತೂತಿನಿಂದ ಹನಿ ಹನಿಯಾಗಿ ಇಳಿದಿತ್ತು. ಚಿಕ್ಕ ದೋಣಿಗೆ ನೀರು ಬರೋದು ಜಾಸ್ತಿ ಮೇಲಿಂದಾನೇ, ನಾವು ಹುಡುಕೋದು ಮಾತ್ರ ಕೆಳಗೆ.

ಸ್ವಲ್ಪ ನೀರು ತಾನೇ ಅಂತ ಬಿಡಬೇಡಿ. ಮನೆಗೆ ತರಿಸೋ 20 ಲೀಟರ್ ಕ್ಯಾನ್ ಎತ್ತಿದೀರಲ್ಲ, ಅಷ್ಟು ನೀರು ಬಿಲ್ಜಲ್ಲಿ, ಅಂದ್ರೆ ಕಾಲಿಡೋ ಹಲಗೆ ಕೆಳಗಿನ ಖಾಲಿ ಜಾಗದಲ್ಲಿ ಸೇರಿದ್ರೆ 20 ಕೆಜಿ ಭಾರ, ಅದೂ ಒಂದ್ಕಡೆ ನಿಲ್ಲದೆ ಓಡಾಡೋ ಭಾರ. ಯಾರೋ ಒಬ್ರು ಎಡಕ್ಕೆ ಬಾಗಿದ್ರೆ ನೀರೂ ಎಡಕ್ಕೇ ಓಡತ್ತೆ, ದೋಣಿ ಇನ್ನೂ ವಾಲತ್ತೆ.

ಮೊದಲು ದಾರಿ ಹುಡುಕಿ

ದೋಣಿ ಒಳಗೆಲ್ಲ ಚೆನ್ನಾಗಿ ಒರೆಸಿ ಒಂದು ದಿನ ಒಣಗಿಸಿ, ಸಾಮಾನಿಡೋ ಜಾಗದಲ್ಲಿ ಹಳೇ ನ್ಯೂಸ್‌ಪೇಪರ್ ಹಾಸಿ ಮುಚ್ಚಳ ಹಾಕಿ. ಆಮೇಲೆ ಗಿಡಕ್ಕೆ ನೀರು ಬಿಡೋ ಪೈಪ್ ತಗೊಂಡು ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದೊಂದು ಜಾಗಕ್ಕೆ ಐದು ನಿಮಿಷ, ಪ್ರತಿ ಸಲ ತೆಗೆದು ಪೇಪರ್ ನೋಡಿ. ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲ ಕಡೆ ಹರಿದು ಯಾವ ತೂತು ಅಂತ ಗೊತ್ತಾಗಲ್ಲ. ಮುಚ್ಚಳಕ್ಕೆ ಇನ್ನೊಂದು ಪರೀಕ್ಷೆ ಇದೆ, ಹ್ಯಾಚಿನ ಅಂಚಿಗೆ ಸುತ್ತಲೂ ಸೀಮೆಸುಣ್ಣ ಉಜ್ಜಿ ಮುಚ್ಚಳ ಒತ್ತಿ ಹಾಕಿ ತೆಗೀರಿ. ಒಳಗಿನ ರಬ್ಬರ್ ಮೇಲೆ ಬಿಳಿ ಗೆರೆ ಎಲ್ಲಿ ಕಟ್ ಆಗಿದೆಯೋ ಅಲ್ಲಿ ಅದು ಕೂರ್ತಿಲ್ಲ. ದೊಡ್ಡ ಹಡಗಿನ ಮುಚ್ಚಳಗಳಿಗೂ ಈ ಸೀಮೆಸುಣ್ಣದ ಪರೀಕ್ಷೆ ಮಾಡ್ತಾರೆ.

ರಬ್ಬರ್ ಬೀಡಿಂಗ್

ಜೆ.ಸಿ. ರೋಡಲ್ಲಿ ಕಾರಿನ ಬಾಗಿಲಿಗೆ ಹಾಕೋ ರಬ್ಬರ್ ಬೀಡಿಂಗ್ ಸಿಗತ್ತಲ್ಲ, ಒಳಗೆ ಪೊಳ್ಳು ಇರೋದು, ಅದು ದೋಣಿಗೂ ಆಗತ್ತೆ. ಸ್ಪಂಜ್ ಥರದ್ದು ತಗೊಳ್ಳೋದಾದ್ರೆ ಒಂದು ತುಂಡನ್ನ ನೀರಲ್ಲಿ ಮುಳುಗಿಸಿ ಹಿಂಡಿ ಬಿಡಿ, ಮತ್ತೆ ಹಿಂಡಿದಾಗ ನೀರು ಬಂದ್ರೆ ಅದು ಬೇಡ, ನೀರು ಕುಡಿಯೋ ಸ್ಪಂಜು ನೀರು ತಡೆಯಲ್ಲ. ಬೀಡಿಂಗಿನ ಎರಡು ತುದಿ ಸೇರೋ ಜಾಯಿಂಟ್ ನೀರು ನಿಲ್ಲೋ ಮೂಲೆಗೆ ಬರದ ಹಾಗೆ ನೋಡ್ಕೊಳ್ಳಿ. ಮುಚ್ಚಳದಲ್ಲಿ ಸ್ಕ್ರೂ ಇದ್ರೆ ಬೀಡಿಂಗ್ ಸ್ಕ್ರೂಗಿಂತ ಒಳಭಾಗದಲ್ಲಿ ಹೋಗ್ಬೇಕು, ಹೊರಗಡೆ ಹೋದ್ರೆ ಸ್ಕ್ರೂ ತೂತಿನ ನೀರು ಸೀದಾ ಒಳಗೇ. ಹ್ಯಾಚ್ ಸುತ್ತ ಸಣ್ಣ ಕಾಲುವೆ ಥರ ಇರತ್ತೆ, ಅದರ ತೂತನ್ನೂ ನೋಡಿ, ಟೆರೇಸ್ ಪೈಪಿನ ಬಾಯಿಗೆ ಹೊಂಗೆ ಎಲೆ ಕೂತ್ರೆ ಏನಾಗತ್ತೋ ಇಲ್ಲೂ ಅದೇ ಆಗತ್ತೆ.

ಬೆಂಗಳೂರಿನವರು ಇದನ್ನ ಮರೀಲೇಬಾರದು

ಮಂಗಳೂರಲ್ಲಿ ತಗೊಂಡ ಚಿಪ್ಸ್ ಪ್ಯಾಕೆಟ್ ಶಿರಾಡಿ ಘಾಟಿ ಹತ್ತೋವಾಗ ಊದ್ಕೊಳ್ಳೋದನ್ನ ಎಲ್ಲರೂ ನೋಡಿರ್ತೀರ. ದೋಣಿ ವಿಷಯದಲ್ಲಿ ಆಗೋದು ಇದರ ಉಲ್ಟಾ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ, ಗಾಳಿಯ ಒತ್ತಡ ಶೇಕಡ 10ರಷ್ಟು ಕಮ್ಮಿ. ಇಲ್ಲಿ ಹ್ಯಾಚ್ ಬಿಗಿಯಾಗಿ ಮುಚ್ಚಿ ಮಲ್ಪೆಗೆ ತಗೊಂಡು ಹೋದ್ರೆ ಹೊರಗಿನ ಗಾಳಿ ಮುಚ್ಚಳವನ್ನ ಒಳಕ್ಕೆ ತಳ್ಳತ್ತೆ, 20 ಸೆಂ.ಮೀ. ಅಗಲದ ದುಂಡು ಮುಚ್ಚಳ ಪೂರ್ತಿ ಗಾಳಿಯಾಡದ ಹಾಗೆ ಕೂತಿದ್ರೆ ಅದರ ಮೇಲೆ ಸುಮಾರು 30 ಕೆಜಿ ಇಟ್ಟ ಹಾಗೆ. ನಮ್ಮದು ಮಲ್ಪೆ ತಲುಪೋ ಹೊತ್ತಿಗೆ ತಟ್ಟೆ ಥರ ಗುಂಡಿ ಬಿದ್ದಿತ್ತು, ಕೈಲಿ ತೆಗೆಯೋಕ್ಕಾಗದೆ ಚಮಚ ತೂರಿಸಿ ಎಬ್ಬಿಸಿದಾಗ ಬುಸ್ ಅಂತ ಗಾಳಿ ಎಳ್ಕೊಂಡಿತು. ಹಾಗೇ ನೀರಿಗೆ ಇಳಿಸಿದ್ರೆ ಗಾಳಿ ಬದಲು ನೀರು ಎಳ್ಕೊಳ್ಳತ್ತೆ. ಬಿಸಿಲಲ್ಲಿ ಕಾದ ದೋಣೀನ ತಣ್ಣೀರಿಗೆ ಬಿಟ್ಟಾಗ್ಲೂ ಒಳಗಿನ ಗಾಳಿ ಕುಗ್ಗಿ ಹೀಗೇ ಆಗತ್ತೆ. ಅದಕ್ಕೇ ದಾರಿಯಲ್ಲಿ ಮುಚ್ಚಳ ಸಡಿಲ ಬಿಡಿ, ನೀರಿನ ಪಕ್ಕ ನಿಂತ್ಕೊಂಡು ಬಿಗಿ ಮಾಡಿ. ಕಯಾಕ್, ಅಂದ್ರೆ ಒಬ್ರೋ ಇಬ್ರೋ ಕೂತು ಹುಟ್ಟು ಹಾಕೋ ಕಿರಿದಾದ ದೋಣಿ, ಅದರ ಒಳಗೋಡೆಯಲ್ಲಿ ಸೂಜಿ ಗಾತ್ರದ ತೂತು ಕಂಡ್ರೆ ಅದು ಲೀಕ್ ಅಂತ ಎಂ-ಸೀಲ್ ಮೆತ್ತಬೇಡಿ, ಗಾಳಿ ಆಡ್ಲಿ ಅಂತಾನೇ ಅದನ್ನ ಬಿಟ್ಟಿರ್ತಾರೆ.

ಸ್ಕ್ರೂ ತೂತುಗಳು

ಡೆಕ್ ಮೇಲಿನ ಸ್ಕ್ರೂ ಬಿಚ್ಚಿ ಒಳಗೆ ಮರ ಇದೆಯಾ ನೋಡಿ, ಇದ್ದು ಅದು ಕಪ್ಪಾಗಿದ್ರೆ ನೀರು ಬಹಳ ದಿನದಿಂದ ಕುಡಿದಿದೆ ಅಂತ. ಚೆನ್ನಾಗಿ ಒಣಗಿಸಿ, ತೂತನ್ನ ಸ್ವಲ್ಪ ದೊಡ್ಡದು ಮಾಡಿ ಎಪಾಕ್ಸಿ (ಎರಡು ಭಾಗ ಬೆರೆಸಿ ಹಾಕೋ ಅಂಟು) ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂ ಅಳತೆಗೆ ಮತ್ತೆ ಕೊರೀರಿ. ಹೀಗೆ ಮಾಡಿದ್ರೆ ನೀರು ಬಂದ್ರೂ ಮರಕ್ಕೆ ತಾಗಲ್ಲ. ಮೇಲೆ ಬಿಗಿಯೋಕೆ ಪಾಲಿಯುರೆಥೇನ್ ಸೀಲಂಟ್ (ಸಂದು ಮುಚ್ಚೋ ಅಂಟು) ಅಥವಾ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಹಾಕಿ. ಬಾತ್‌ರೂಮಿಗೆ ಹಾಕೋ ಸಿಲಿಕೋನ್ ಬೇಡ್ವೇ ಬೇಡ, ಅದು ಕಿತ್ತು ಬಂದ ಮೇಲೆ ಅದೇ ಜಾಗಕ್ಕೆ ಬೇರೆ ಯಾವ ಅಂಟೂ ಸರಿಯಾಗಿ ಹಿಡಿಯಲ್ಲ. ಸೀಲಂಟ್ ಹಾಕಿದ ತಕ್ಷಣ ಜೋರಾಗಿ ತಿರುಗಿಸಿದ್ರೆ ಎಲ್ಲಾ ಹೊರಗೆ ಬಂದ್ಬಿಡತ್ತೆ, ಮೊದಲು ಅರ್ಧ ಬಿಗಿ ಮಾಡಿ, ಒಣಗಿದ ಮೇಲೆ ಸ್ಕ್ರೂ ಅಲ್ಲಾಡದ ಹಾಗೆ ಹಿಡಿದು ಕೆಳಗಿನ ನಟ್ ಮಾತ್ರ ತಿರುಗಿಸಿ.

ತಳ, ಬಿರಡೆ, ಪಂಪು

ತಳದ ಅಡ್ಡಪಟ್ಟಿಗಳಲ್ಲಿ ಸಣ್ಣ ಕಿಂಡಿಗಳಿರತ್ತೆ, ನೀರು ಹಿಂದಕ್ಕೆ ಹರಿದು ಒಂದೇ ಕಡೆ ಸೇರ್ಲಿ ಅಂತ. ಮರಳು, ಬಿಸ್ಕೆಟ್ ಕವರ್ ಸಿಕ್ಕಾಕೊಂಡಿದ್ರೆ ತಂತಿ ಹಾಕಿ ಬಿಡಿಸಿ. ಹಿಂಭಾಗದ ಡ್ರೈನ್ ಬಿರಡೆಯ ವಾಷರ್ ವರ್ಷಕ್ಕೊಂದ್ಸಲ ಬದಲಾಯಿಸಿ, ಗಾಡಿ ಗ್ರೀಸ್ ಹಚ್ಚಬೇಡಿ ರಬ್ಬರ್ ಊದ್ಕೊಳ್ಳತ್ತೆ, ಸಿಲಿಕೋನ್ ಗ್ರೀಸ್ ಹಚ್ಚಿ. ಬಿರಡೆ ಹಾಕೋದು ಮರೆತ್ರೆ ಕಥೆ ಮುಗೀತು: ನೀರಿನ ಮಟ್ಟದಿಂದ ಒಂದಡಿ ಕೆಳಗೆ ಒಂದಿಂಚಿನ ತೂತಿದ್ರೆ ನಿಮಿಷಕ್ಕೆ ಸುಮಾರು 40 ಲೀಟರ್, ಎರಡು ಕ್ಯಾನ್, ಒಳಗೆ ಬರತ್ತೆ. ನಮ್ಮ ಬಿರಡೆ ಕಾರ್ ಕೀ ಜೊತೇನೇ ನೇತಾಡ್ತಿರತ್ತೆ.

ಪಂಪ್ ಕೊನೆಗೆ ಯೋಚಿಸಿ, ಬರೋ ದಾರಿ ಮುಚ್ಚದೆ ಪಂಪ್ ಹಾಕಿದ್ರೆ ಬ್ಯಾಟರಿ ಇಳಿದ ದಿನ ದೋಣೀನೂ ಇಳಿಯತ್ತೆ. ಹಾಕೋದಾದ್ರೆ 12 ವೋಲ್ಟಿಂದು, ಫ್ಯೂಸ್ ಇರ್ಲಿ, ವೈರ್ ಜಾಯಿಂಟ್ ಆದಷ್ಟು ಮೇಲಿರ್ಲಿ, ಹೊರಹೋಗೋ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲಿರ್ಲಿ, ಇಲ್ಲಾಂದ್ರೆ ಪಂಪ್ ನಿಂತಾಗ ನೀರು ಅದೇ ಪೈಪಲ್ಲಿ ವಾಪಸ್ ಬರತ್ತೆ. ಹಗ್ಗ ಕಟ್ಟಿದ ಬಕೆಟ್ ಯಾವಾಗಲೂ ಇರ್ಲಿ, ಲೈಫ್ ಜಾಕೆಟ್ ಎಲ್ಲರ ಮೈಮೇಲೂ ಇರ್ಲಿ. ಪೆಟ್ರೋಲ್ ಇಂಜಿನ್ ಇರೋರು ಸ್ವಿಚ್ ಹಾಕೋ ಮುಂಚೆ ಹಲಗೆ ಎತ್ತಿ ಮೂಸಿ ನೋಡಿ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜಲ್ಲೇ ಕೂತಿರತ್ತೆ, ಒಂದು ಕಿಡಿ ಸಾಕು. ಎಣ್ಣೆ ಬೆರೆತ ನೀರನ್ನ ದಯವಿಟ್ಟು ಕೆರೆ, ಹಿನ್ನೀರಿಗೆ ಚೆಲ್ಲಬೇಡಿ, ಬಟ್ಟೆಯಲ್ಲಿ ಹೀರಿಸಿ ಮನೆಗೆ ತನ್ನಿ, ಎಷ್ಟೋ ಊರಿನವರು ಕುಡಿಯೋ ನೀರು ಅದು.

ವಾಪಸ್ ಬಂದ ಮೇಲೆ ಬಿರಡೆ ಬಿಚ್ಚಿ, ಮೂತಿ ಮೇಲೆ ಮಾಡಿ ನಿಲ್ಸಿ, ಎಲ್ಲಾ ಮುಚ್ಚಳ ತೆರೆದಿಡಿ. ಮೇಲೊಂದು ಟಾರ್ಪಾಲ್ ಹಾಕಿ, ಆದ್ರೆ ಪಕ್ಕದಿಂದ ಗಾಳಿ ಆಡೋ ಹಾಗೆ. ಇಲ್ಲಾಂದ್ರೆ ಮಳೆಗಾಲದಲ್ಲಿ ಒಳಗಿನ ತೇವ ಆರೋದೇ ಇಲ್ಲ, ಮುಂದಿನ ಸಲ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಮೂಗಿಗೆ ಹೊಡಿಯತ್ತೆ.